ಮೋಟಾರು ಬಂದ್ ಮಾಡುವ ಹೊತ್ತು

ಮಾಘದ ಚಳಿ ಇನ್ನೂ ಬಿಟ್ಟಿರಲಿಲ್ಲ, ಬೆಳಗಿನ ಆರೂ ಮುಕ್ಕಾಲು, ಕೂಕಟ್‌ಪಲ್ಲಿಯ ಮೆಟ್ರೋ ಕಂಬಗಳ ನೆತ್ತಿಯ ಮೇಲೆ ಮಂಜು ಕೂತೇ ಇತ್ತು. ಇದು ಶುರುವಾದದ್ದು ಅಂಥ ಒಂದು ಹೊತ್ತಿನಲ್ಲಿ. ಐದು ಅಂತಸ್ತಿನ ಕಟ್ಟಡದ ವಾಚ್‌ಮನ್ ಅಮೃತಪ್ಪ ಮೆಟ್ಟಿಲ ಬುಡದಲ್ಲಿದ್ದ ನೀರಿನ ಮೋಟಾರಿನ ಡಬ್ಬಿಯ ಮುಂದೆ ನಿಂತಿದ್ದ. ಹಸಿರು ಗುಂಡಿ ಒತ್ತಿ ನಲವತ್ತು ನಿಮಿಷವಾಗಿತ್ತು. ಈಗ ಕೆಂಪು ಗುಂಡಿ ಒತ್ತಬೇಕು, ಅಷ್ಟೇ ಕೆಲಸ. ಮೇಲಿನ ಟಾಕಿ ತುಂಬಿ ನೀರು ಹಿಂದಿನ ಗೋಡೆಗುಂಟ ಸುರಿಯತೊಡಗಿದ್ದು ಅವನಿಗೆ ಚೆನ್ನಾಗಿ ಕೇಳುತ್ತಿತ್ತು. ದಿನಾ ಈ ಹೊತ್ತಿಗೆ ಅವನ ಹೆಂಡತಿ ಹಂಪಮ್ಮ ನಾಲ್ಕನೆಯ ಅಂತಸ್ತಿನ ಮನೆಯಲ್ಲಿ ಪಾತ್ರೆ ತಿಕ್ಕುವುದನ್ನು ಅರ್ಧಕ್ಕೆ ಬಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಇಳಿದು ಬಂದು ಕೆಂಪು ಗುಂಡಿ ಒತ್ತುತ್ತಿದ್ದಳು. ಒತ್ತುವಾಗ ಏನಾದರೂ ಮಾತಾಡುತ್ತಲೇ ಒತ್ತುತ್ತಿದ್ದಳು, ಹೂಕೋಸು ಹುಳ ಹಿಡಿದದ್ದು, ಯಾರೋ ಯಾರನ್ನೋ ಬೈದದ್ದು. ಮೋಟಾರು ನಿಂತ ಜಾಗದಲ್ಲಿ ಅವಳ ಮಾತು ಬಂದು ಕೂತುಬಿಡುತ್ತಿತ್ತು. ಎಂಟು ವರ್ಷ ಹೀಗೆ ನಡೆದಿತ್ತು, ಕಟ್ಟಡದ ಒಬ್ಬರಿಗೂ ಗೊತ್ತಿರಲಿಲ್ಲ. ಇವತ್ತು ಅವಳ ಮೊಣಕಾಲು ಬಾತಿತ್ತು. ಕೆಲಸದವರು ಲಿಫ್ಟ್ ಹತ್ತುವಂತಿರಲಿಲ್ಲ, ಮೆಟ್ಟಿಲು ಹೇಗೋ ಹತ್ತುತ್ತೇನೆ, ನಡುವೆ ಇಳಿಯುವುದು ಆಗುವುದಿಲ್ಲ, "ಇವತ್ತೊಂದಿನ ನೀವೇ ಒತ್ರಿ, ಒಂದು ಬೆರಳಿನ ಕೆಲಸ" ಎಂದು ಹೇಳಿ ಹೋಗಿದ್ದಳು. ಬೆರಳು ಗುಂಡಿಯ ಮೇಲೆಯೇ ಇತ್ತು. ಗುಂಡಿ ತಣ್ಣಗಿತ್ತು. ಒತ್ತಿದರೆ ಮೋಟಾರಿನ ಗುರುಗುಟ್ಟುವಿಕೆ ನಿಲ್ಲುತ್ತದೆ, ನಿಂತ ಮೇಲೆ ಏನೂ ಇರುವುದಿಲ್ಲ, ಆ ಏನೂ ಇಲ್ಲದ್ದರೊಳಕ್ಕೆ ತಾನು ಕಾಲಿಡಬೇಕು. ಬೆರಳು ಅವನದಲ್ಲವೆಂಬಂತೆ ಸುಮ್ಮನೆ ಇತ್ತು.

ಎರಡನೆಯ ಅಂತಸ್ತಿನ ಸೂರ್ಯಕಾಂತ ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಇಳಿದು ಬಂದ. ಕಲಬುರ್ಗಿ ಕಡೆಯವನು, ಬಟ್ಟೆ ಅಂಗಡಿಯವನು, ಕಟ್ಟಡದ ಸೆಕ್ರೆಟರಿ. ಅವನ ಬಾಲ್ಕನಿಯಲ್ಲಿ ಒಣಗಿದ್ದ ಬಟ್ಟೆಯೆಲ್ಲ ಮತ್ತೆ ಹಸಿಯಾಗಿತ್ತು. "ನೀರು ಸುರೀಲತ್ತದ, ಮಾರಾಯಾ! ಕಣ್ಣಿಲ್ಲೇನು, ಕಿವಿಯಿಲ್ಲೇನು?" ಎಂದು ತಾನೇ ಕೈ ಚಾಚಿ ಕೆಂಪು ಗುಂಡಿ ಒತ್ತಿಬಿಟ್ಟ. ಮೋಟಾರು ಒಂದು ಸಲ ನರಳಿ ನಿಂತಿತು. ಅಮೃತಪ್ಪನ ಅಂಗಾಲಿನಿಂದ ಏನೋ ಹೊರಟು ಮೊಣಕಾಲು ದಾಟಿ ಎದೆಗೆ ಬಂದು ಅಲ್ಲೇ ಗಂಟಾಯಿತು, ಕಾಲು ಎರಡೂ ಬೇರೆಯವರ ಕಾಲುಗಳಂತೆ ಮಡಚಿಕೊಂಡವು, ಅವನು ಗೋಡೆಗೆ ಒರಗಿ ಜಾರುತ್ತ ಜಾರುತ್ತ ನೆಲಕ್ಕೆ ಕೂತ. ಹಾಲಿನ ಪ್ಯಾಕೆಟ್ಟಿನವನು ಸೈಕಲ್ ನಿಲ್ಲಿಸಿ ನೋಡುತ್ತಿದ್ದ. ಸೂರ್ಯಕಾಂತ ಬ್ರಶ್ ತೆಗೆದು ಕೇಳಿದ, "ಮುಂಜಾನಿ ಮುಂಜಾನಿ ಕುಡದೀ ಏನು?" ಇಲ್ಲ ಎನ್ನಲು ಉಸಿರು ಬೇಕಾಗಿತ್ತು. ಉಸಿರಿರಲಿಲ್ಲ. "ಯುಗಾದಿತನಕ ನೋಡ್ತೀನಿ. ಟಾಕಿ ಇನ್ನೊಮ್ಮೆ ಹಿಂಗ ಸುರೀತಂದ್ರ ಬ್ಯಾರೆ ಮನಿ ನೋಡ್ಕೋ. ನಾ ಒಬ್ಬನೇ ಅಲ್ಲ, ಮೀಟಿಂಗಿನ್ಯಾಗ ಎಲ್ಲಾರೂ ಅದೇ ಅಂತಾರ." ಬೇರೆ ಮನೆ ಎಂದರೆ ಗಂಡ ಹೆಂಡತಿ ಇರುತ್ತಿದ್ದ ಮೆಟ್ಟಿಲ ಕೆಳಗಿನ ಆ ಒಂದು ಖೋಲಿ ಹೋಯಿತು ಎಂದರ್ಥ. ಹಂಪಮ್ಮನ ಮೊಣಕಾಲಿಗೆ ಈ ಊರಿನಲ್ಲಿ ಇನ್ನೊಂದು ನೆಲ ಎಲ್ಲಿಂದ ತರುವುದು ಎಂದು ನೆಲದ ಮೇಲೆ ಕೂತೇ ಅಮೃತಪ್ಪ ಯೋಚಿಸಿದ.

ಸಕ್ಕರೆ ಕಾಯಿಲೆಗಾಗಿ ಪಾರ್ಕಿಂಗಿನಲ್ಲಿ ಬೆಳಗ್ಗೆ ಹತ್ತು ಸುತ್ತು ನಡೆಯುತ್ತಿದ್ದ ಸ್ನೇಹಲತಾಬಾಯಿ ಸ್ಕೂಟರುಗಳ ಸಾಲಿನ ಹಿಂದಿನಿಂದ ಬಂದಳು. ಮೂರನೆಯ ಅಂತಸ್ತಿನಲ್ಲಿ ಒಬ್ಬಳೇ ಇದ್ದವಳು, ಬೀದರಿನ ಕ್ರಿಶ್ಚಿಯನ್ ಮನೆತನದ ಹೆಣ್ಣುಮಗಳು, ನಲವತ್ತು ವರ್ಷ ನರ್ಸ್ ಆಗಿದ್ದು ರಿಟೈರಾದವಳು. ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು, ಅಮೃತಪ್ಪನ ಬಾಯಲ್ಲಿ ಅದು ಸಿಸ್ಟರಮ್ಮ ಆಗಿತ್ತು. "ಬಾಯಿ ಮೂಸಿ ನೋಡೀಯೇನು ಸೂರ್ಯಕಾಂತ? ನೋಡಲಾರದ ಕುಡದಾನ ಅಂತೀ" ಎಂದು ಅವನನ್ನು ಮೇಲಕ್ಕೆ ಅಟ್ಟಿದಳು. ಆಮೇಲೆ ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ಅಮೃತಪ್ಪನ ಮುಂಗೈ ಹಿಡಿದಳು. "ಉಸಿರು ಎಲ್ಲಿ ಇಟ್ಟೀರಿ?" ಎಂದು ಕೇಳಿದಳು, ಬೀಗದ ಕೈ ಎಲ್ಲಿಟ್ಟಿರಿ ಎಂದು ಕೇಳಿದ ಹಾಗೆ. "ತಗೋಳ್ಳೋದು ಆಮ್ಯಾಲ. ಮೊದಲ ಬಿಡ್ರಿ. ಒಳಗ ಅದ ನೋಡ್ರಿ, ಹಳೇದು, ಅದನ್ನ ಬಿಡ್ರಿ." ಅವನು ಬಿಟ್ಟ. ಹೊರಗೆ ಬಂದದ್ದು ಉಸಿರಲ್ಲ, ಒಂದು ವಿಚಿತ್ರ ಸ್ವರ, ಕರು ಒದರಿದ ಹಾಗೆ. ಹಾಲಿನವನು ಸೈಕಲ್ ಹತ್ತಿ ಹೋದ. ನಾಚಿಕೆಯಲ್ಲಿ ಅಮೃತಪ್ಪ ತಲೆ ತಗ್ಗಿಸಿದ, ಆದರೆ ಕೈ ಬಿಡಿಸಿಕೊಳ್ಳಲಿಲ್ಲ. ಹನ್ನೊಂದು ವರ್ಷದಲ್ಲಿ ಯಾರೂ ಅವನಿಗೆ ಇಂಥ ಸರಿಯಾದ ಪ್ರಶ್ನೆ ಕೇಳಿರಲಿಲ್ಲ.

ಅವನಿಗೆ ಸದ್ದಿನ ಅಂಜಿಕೆ ಇರಲಿಲ್ಲ. ತಲೆಯ ಮೇಲೆ ಮೆಟ್ರೋ ಹೋಗಲಿ, ಪಕ್ಕದ ಫಂಕ್ಷನ್ ಹಾಲಿನಲ್ಲಿ ಬ್ಯಾಂಡು ಬಡಿಯಲಿ, ಎದುರಿನ ಹೊಸ ಕಟ್ಟಡದಲ್ಲಿ ಕಲ್ಲು ಕೊರೆಯಲಿ, ಅವನು ಮಲಗಿದರೆ ಮಲಗಿದನೇ. ಅಂಜಿಕೆ ಇದ್ದದ್ದು ಸದ್ದು ನಿಲ್ಲುವುದಕ್ಕೆ. ಕರೆಂಟು ಹೋಗಿ ಫ್ಯಾನು ನಿಂತರೆ, ಓಡುತ್ತಿದ್ದ ಆಟೋ ಮನೆಯ ಮುಂದೆ ಆಫ್ ಆದರೆ, ಕುಕ್ಕರಿನ ಸೀಟಿ ಅರ್ಧಕ್ಕೆ ಇಳಿದರೆ ಅಂಗಾಲು ಮೊದಲು ತಣ್ಣಗಾಗುತ್ತಿತ್ತು. ಅದಕ್ಕೇ ಖೋಲಿಯಲ್ಲಿ ರೇಡಿಯೋ ಹಗಲೂ ರಾತ್ರಿ ಹಚ್ಚಿರುತ್ತಿತ್ತು. ಹಂಪಮ್ಮ ದೇವರ ದೀಪಕ್ಕೆ ಎಣ್ಣೆ ಹಾಕುವುದನ್ನು ಮರೆತರೂ ಮರೆತಾಳು, ರೇಡಿಯೋದ ಸೆಲ್ಲು ಮುಗಿಯಲು ಬಿಟ್ಟವಳಲ್ಲ. ಯಾಕೆ ಎಂದು ಅವಳು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ತೆಲುಗು ಹಾಡು, ತೆಲುಗು ಸುದ್ದಿ, ಸೋಪು ಪೌಡರಿನ ಜಾಹೀರಾತು, ಎಲ್ಲ ಗೋಡೆಗೆ ಹೊಡೆದ ಸುಣ್ಣದ ಹಾಗೆ ಆ ಖೋಲಿಗೆ ಅಂಟಿಕೊಂಡಿತ್ತು. ಅದರಡಿ ಮಲಗಿ ಅಮೃತಪ್ಪ ಎಷ್ಟೋ ಸಲ ಅಂದುಕೊಳ್ಳುತ್ತಿದ್ದ, ಇವಳ ತಮ್ಮನನ್ನು ನಾನು ಕಳೆದೆ, ಇವಳು ನನಗೆ ನಿದ್ದೆ ಕಾಯುತ್ತಿದ್ದಾಳೆ. ಈ ಋಣದ ಮಾತು ಆಡಬೇಕಾದ ಬಾಯಿ ಇನ್ನೊಂದು ಮಾತನ್ನು ಮುಚ್ಚಿ ಹಿಡಿದಿತ್ತು, ಹಾಗಾಗಿ ಎರಡೂ ಒಳಗೇ ಉಳಿದಿದ್ದವು.

ವಾಚ್‌ಮನ್ ಆಗುವ ಮೊದಲು ಅಮೃತಪ್ಪ ಕಟ್ಟಡ ಕೆಲಸದ ಮೇಸ್ತ್ರಿಯಾಗಿದ್ದ. ಸ್ಲ್ಯಾಬ್ ಹಾಕುವ ದಿನ ಎಲ್ಲರೂ ಮೇಲಿರುತ್ತಾರೆ, ಒಬ್ಬ ಮಾತ್ರ ಕೆಳಗಿರುತ್ತಾನೆ. ಹಲಗೆಗಳಿಗೆ ಆನಿಕೆ ಕೊಟ್ಟ ಸರ್ವೆ ಮರದ ಗಳಗಳ ನಡುವೆ ಸುತ್ತಿಗೆ ಹಿಡಿದು ಅವನು ಓಡಾಡುತ್ತಲೇ ಇರಬೇಕು, ಒಂದೊಂದು ಗಳಕ್ಕೂ ಮೂರು ಏಟು ಬಡಿಯಬೇಕು, ಬಡಿದು ಕಿವಿಗೊಡಬೇಕು. ಭಾರ ಹೊತ್ತ ಗಳ ತುಂಬಿದ ಕೊಡದ ಹಾಗೆ ಮಾತಾಡುತ್ತದೆ, ಸಡಿಲವಾದದ್ದು ಬೊಳ್ಳೆನ್ನುತ್ತದೆ. ಬೊಳ್ಳೆಂದರೆ ಬುಡಕ್ಕೆ ಬೆಣೆ ಹೊಡೆದು ಬಿಗಿಮಾಡಬೇಕು. ಮೇಲೆ ಕಬ್ಬಿಣದ ಬುಟ್ಟಿಯಲ್ಲಿ ಕಾಂಕ್ರೀಟಿನ ಮಾಲು ದಾಟಿಸುವ ಸಾಲಿನವರಿಗೆ ಆ ಬಡಿತ ಕಿವಿಗಿಂತ ಮೊದಲು ಅಂಗಾಲಿಗೆ ಕೇಳುತ್ತದೆ. ಬಡಿತ ಇರುವ ತನಕ ಎಲ್ಲ ಸರಿಯಿದೆ ಎಂದು ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತು. ಅರ್ಧ ಸ್ಲ್ಯಾಬ್ ತುಂಬಿದಾಗ ಕಾಯಿ ಒಡೆದು ಮಾಲಕ ಮೇಸ್ತ್ರಿಯ ತಲೆಗೆ ಹೊಸ ರುಮಾಲು ಸುತ್ತುತ್ತಾನೆ, ಅದು ರೂಢಿ. ಕೆಳಗಿನವನು ಕೆಲಸ ಮುಗಿಯುವವರೆಗೆ ಮೇಲೆ ಬರಬಾರದು, ಅದೂ ರೂಢಿ. ಅದಕ್ಕೇ ಯಾವ ಮೇಸ್ತ್ರಿಯೂ ಕೆಳಗಿನ ಕೆಲಸ ತಾನು ಹಿಡಿಯುವುದಿಲ್ಲ. ಅಮೃತಪ್ಪ ಮಾತ್ರ ಬೇರೆಯವರ ಕಿವಿ ನಂಬುತ್ತಿರಲಿಲ್ಲ. ಹಾಗಾಗಿ ಹದಿನೆಂಟು ವರ್ಷದ ಮೇಸ್ತ್ರಿಗಿರಿಯಲ್ಲಿ ಅವನ ತಲೆಗೆ ಒಂದು ರುಮಾಲೂ ಏರಿರಲಿಲ್ಲ, ಪ್ರತಿ ಸಲ ಅವನ ಪರವಾಗಿ ಯಾವನೋ ಸುತ್ತಿಸಿಕೊಳ್ಳುತ್ತಿದ್ದ. ಮಾದಾಪುರದ ಕಡೆ ಒಂದು ಹಾಸ್ಟೆಲ್ ಕಟ್ಟಡದ ಮೂರನೆಯ ಸ್ಲ್ಯಾಬಿನ ದಿನ ಮಾಲಕ ಮೇಲಿನಿಂದ ಬಗ್ಗಿ ಕೂಗಿದ, "ಮೇಸ್ತ್ರಿ, ನುವ್ವೇ ರಾವಾಲಿ!" ನೀನೇ ಬರಬೇಕು. ಅಮೃತಪ್ಪನ ಕೈಯಲ್ಲಿ ಸುತ್ತಿಗೆ ಇತ್ತು. ಆಗಷ್ಟೇ ಮೂಲೆಯ ಒಂದು ಗಳ ಬೊಳ್ಳೆಂದಿತ್ತು. ಬೆಣೆ ಹೊಡೆಯಲು ಎರಡು ನಿಮಿಷ ಬೇಕು. ಬಂದು ಹೊಡೆದರಾಯಿತು ಎಂದುಕೊಂಡ. ಹಂಪಮ್ಮನ ತಮ್ಮ ಮಲ್ಲಣ್ಣನನ್ನು ಕರೆದು ಸುತ್ತಿಗೆ ಕೊಟ್ಟ, "ಬಡೀತಿರು, ನಾ ಬರೋತನಕ ನಿಲ್ಲಸಬ್ಯಾಡ." ಇಪ್ಪತ್ತಾರರ ಮಲ್ಲಣ್ಣ ನಕ್ಕ, "ಹೋಗ್ರಿ ಮಾವಾ, ರುಮಾಲು ಸುತ್ತಕೊಂಡು ಮದಲಿಂಗ ಆಗಿ ಬರ್ರಿ." ಮೂಲೆಯ ಗಳದ ಮಾತು ಅಮೃತಪ್ಪ ಹೇಳಲಿಲ್ಲ. ಹೇಳಿದರೆ ಸಡಿಲ ಗಳ ಬಿಟ್ಟು ರುಮಾಲಿಗೆ ಓಡಿದ ಎಂದಾಗುತ್ತದೆ. ಮೇಲೆ, ಬಿಸಿಲಲ್ಲಿ, ಹೊಸ ಬಟ್ಟೆಯ ಗಂಜಿ ವಾಸನೆ ಹಣೆಗೆ ಸುತ್ತಿಕೊಳ್ಳುತ್ತಿತ್ತು. ಅಂಗಾಲಿನಲ್ಲಿ ಮಲ್ಲಣ್ಣನ ಬಡಿತ ಬರುತ್ತಿತ್ತು, ಮೂರು, ಮೂರು, ಮೂರು. ಸಾಲಿನಲ್ಲಿ ನಿಂತ ಹಂಪಮ್ಮ ಬುಟ್ಟಿ ಹಿಡಿದು ಇತ್ತಲೇ ನೋಡುತ್ತಿದ್ದಳು. ಆಮೇಲೆ ಅಂಗಾಲಿನಲ್ಲಿ ಏನೂ ಇರಲಿಲ್ಲ. ಎಷ್ಟು ಹೊತ್ತು, ಒಂದು ಕೊಡ ನೀರು ಕೆಳಗಿಡುವಷ್ಟು ಹೊತ್ತು. ಎಲ್ಲರಿಗಿಂತ ಮೊದಲು ತಿಳಿದದ್ದು ಅವನಿಗೆ. ಮೂಲೆ ಕುಸಿಯಿತು.

ಆಮೇಲೆ ಮಲ್ಲಣ್ಣನನ್ನು ತೆಗೆದರು. ತೆಗೆದವರಲ್ಲಿ ಅಮೃತಪ್ಪನೂ ಒಬ್ಬ. ಮಲ್ಲಣ್ಣನ ಎಡಗೈಯಲ್ಲಿ ಬೆಣೆ ಇತ್ತು.

ಗುತ್ತಿಗೆದಾರನ ಮಂದಿ ಹುಡುಗ ಮೊಬೈಲ್ ನೋಡುತ್ತ ನಿಂತಿದ್ದ, ಬಡಿಯುವುದು ಬಿಟ್ಟಿದ್ದ, ಅದಕ್ಕೇ ಹೀಗಾಯಿತು ಎಂದರು. ಊರಿನವರೂ ಅದನ್ನೇ ನಂಬಿದರು. ಹಂಪಮ್ಮ ತಲೆ ಬಡಿದುಕೊಂಡು, "ಆ ಮೊಬೈಲು ನಾನೇ ಕೊಡ್ಸಿದ್ನೆಲ್ಲೋ ಯಪ್ಪಾ" ಎಂದು ಅತ್ತಳು. ಅಮೃತಪ್ಪ ಕೂಡಲೇ ಬಾಯಿ ತೆರೆಯಬಹುದಿತ್ತು. ಬೆಣೆಯ ಮಾತು ಹೇಳಿದರೆ ಬೊಳ್ಳೆಂದ ಗಳದ ಮಾತೂ ಹೇಳಬೇಕು. ಬಾಯಿ ತೆರೆಯಲಿಲ್ಲ. ಆ ಬೆಣೆಯನ್ನು ಅವನೇ ಬೆರಳು ಬಿಡಿಸಿ ತೆಗೆದು ಮಣ್ಣಿಗೆ ಎಸೆದಿದ್ದ, ಬೆರಳು ಇನ್ನೂ ಬೆಚ್ಚಗಿದ್ದವು. ಅಂದಿನಿಂದ ಅವನು ಸುತ್ತಿಗೆ ಮುಟ್ಟಲಿಲ್ಲ. ಮೂರು ವರ್ಷ ಅಲ್ಲಿ ಇಲ್ಲಿ ಗೇಟು ಕಾಯ್ದ, ಆಮೇಲೆ ಈ ಖೋಲಿ ಸಿಕ್ಕಿತು.

"ಸೆನ್ಸರ್ ಹಾಕಿಸಿಬಿಡಮ್ರಿ ಸಿಸ್ಟರ್, ಟಾಕಿ ತುಂಬಿದ ಕೂಡ್ಲೇ ತಾನೇ ಬಂದ್ ಆಗ್ತದ" ಎಂದು ಸೂರ್ಯಕಾಂತ ಒಂದು ದಿನ ಲಿಫ್ಟಿನ ಮುಂದೆ ಹೇಳಿದ. ಅವನು ಕೆಟ್ಟವನೇನಲ್ಲ, ಬೈದ ಮರುದಿನವೇ ಹಂಪಮ್ಮನ ಮೊಣಕಾಲಿಗೆ ನೋವಿನೆಣ್ಣೆ ತಂದುಕೊಟ್ಟಿದ್ದ. ಸ್ನೇಹಲತಾಬಾಯಿ ಬೇಡವೆಂದಳು. "ತಾನೇ ನಿಂತ್ರ ಯಾವಾಗ ನಿಲ್ತದೋ ಇವರಿಗೆ ತಿಳಿಯಂಗಿಲ್ಲ, ದಿನಾ ಒಂದು ಗಂಡಾಂತರ. ಇವರ ಕೈಲೇ ನಿಲ್ಲಲಿ. ಯುಗಾದಿತನಕ ಟೈಮ್ ನೀನೇ ಕೊಟ್ಟೀದಿ, ಸುಮ್ಮನ ಕೂಡು." ಇದೇನು ರೋಗ ಎಂದು ಅವಳು ಅಮೃತಪ್ಪನಿಗೆ ಹೆಸರು ಹೇಳಲಿಲ್ಲ. ಹೇಳಿದ್ದಿಷ್ಟೇ: "ನಿಮಗ ಯಾವುದೋ ಒಂದು ಸಲ ಸದ್ದು ನಿಂತಾಗ ಭಾಳ ಕೆಟ್ಟದು ಆಗ್ಯದ. ಮುಗದು ಹೋಗ್ಯದ ಅಂತ ನಿಮಗ ಗೊತ್ತದ, ನಿಮ್ಮ ಕಾಲಿಗೆ ಗೊತ್ತಿಲ್ಲ. ಕಾಲಿಗೆ ಹೇಳಬೇಕು. ಅದು ಮಾತಿಲೆ ಕೇಳಂಗಿಲ್ಲ, ಮಾಡಿ ತೋರಿಸಬೇಕು." ಹೀಗೆ ಮಾಘದ ಹುಣ್ಣಿಮೆಯ ಹೊತ್ತಿಗೆ ಅಮೃತಪ್ಪ ದಿನಾ ಹನ್ನೊಂದು ಗಂಟೆಗೆ ಮೂರನೆಯ ಅಂತಸ್ತಿನ ಅಡಿಗೆಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಮಿಕ್ಸರಿನಲ್ಲಿ ಶೇಂಗಾದ ಚಟ್ನಿಪುಡಿ, ಅವರ ಕಡೆಯ ಮಾತಿನಲ್ಲಿ ಹಿಂಡಿ, ಮಾಡತೊಡಗಿದ. ಸಣ್ಣ ಸದ್ದಿನಿಂದ ಶುರು ಎಂದು ಸಿಸ್ಟರಮ್ಮ ಹೇಳಿದ್ದಳು. ಹುರಿದ ಶೇಂಗಾ, ಬೆಳ್ಳುಳ್ಳಿ, ಒಣಖಾರ, ಉಪ್ಪು. ಮಿಕ್ಸರು ಕಿರುಚುತ್ತದೆ, ಅವನೇ ತನ್ನ ಕೈಯಿಂದ ಅದರ ಕಿವಿ ಹಿಂಡುತ್ತಾನೆ, ಅದು ನಿಲ್ಲುತ್ತದೆ. ನಿಂತ ಕೂಡಲೇ ಉಸಿರು ಹೊರಕ್ಕೆ ಬಿಡಬೇಕು, ಸಿಸ್ಟರಮ್ಮ ಹತ್ತು ಎಣಿಸುವವರೆಗೆ. ಮೊದಲ ದಿನ ಅವಳು ನಾಲ್ಕು ಎನ್ನುವಷ್ಟರಲ್ಲಿ ಅವನು ಎದ್ದು ಬಾಗಿಲಿಗೆ ಓಡಿದ್ದ. "ನಲವತ್ತು ವರ್ಷ ಸೂಜಿ ಚುಚ್ಚೀನಿ, ಗಂಡಸರು ಎಷ್ಟು ದೂರ ಓಡ್ತಾರ ನನಗ ಗೊತ್ತದ. ಮೆಟ್ಟಿಲತನಕ. ಬರ್ರಿ ಒಳಗ" ಎಂದಳು. ಚಹಾ ಕೊಡುತ್ತಿದ್ದಳು, ತನ್ನ ಹಾಗೆಯೇ ಅವನಿಗೂ ಸಕ್ಕರೆಯಿಲ್ಲದ್ದು. ಅದನ್ನು ಕುಡಿಯುವುದು ಮಿಕ್ಸರಿಗಿಂತ ಕಷ್ಟ ಎಂದು ಅವನು ಹೇಳಲಿಲ್ಲ.

ಹಿಂಡಿ ಹೆಚ್ಚಾಗಿ ಹೋಯಿತು. ಎಲ್ಲ ಮನೆಗೂ ಒಂದೊಂದು ಡಬ್ಬಿ ಹೋಯಿತು. "ಗಂಡ ಮೂರನೇ ಮಾಳಿಗ್ಯಾಗ ಹಿಂಡಿ ಕುಟ್ಟಾಕ ಹೋಗ್ಯಾನ ಅಂದ್ರ ಊರಾಗ ಮಂದಿ ನನಗ ನಗತಾರ" ಎಂದು ಹಂಪಮ್ಮ ಕಾಲು ಚಾಚಿ ಎಣ್ಣೆ ತಿಕ್ಕಿಕೊಳ್ಳುತ್ತ ಕೆಣಕುತ್ತಿದ್ದಳು. "ಮೂವತ್ತು ವರ್ಷ ನಾ ಬಡಕೊಂಡ್ರೂ ಒಂದು ಉಳ್ಳಾಗಡ್ಡಿ ಹೆಚ್ಚಿದ್ದಿಲ್ಲ ಈ ಮನಷ್ಯಾ." ಕುಂಟುತ್ತಲೇ ಅವಳು ಈಗ ಬೆಳಗಿನ ಪಾತ್ರೆ ಕೆಲಸಕ್ಕೆ ತಡವಾಗಿ ಹೋಗುತ್ತಿದ್ದಳು, ಮೋಟಾರಿನ ಹೊತ್ತಿಗೆ ಕೆಳಗೇ ಇರುವುದಕ್ಕೆ, ಅದಕ್ಕಾಗಿ ನಾಲ್ಕನೆಯ ಅಂತಸ್ತಿನವರ ಬೈಗಳ ತಿನ್ನುತ್ತಿದ್ದಳು. ಸೂರ್ಯಕಾಂತ ಡಬ್ಬಿ ವಾಪಸು ಕೊಡುವಾಗ, "ಖಾರ ಕಮ್ಮಿ ಆಗ್ಯದ" ಎಂದ, ಮತ್ತೆ ಒಂದು ಡಬ್ಬಿ ಒಯ್ದ.

ಶಿವರಾತ್ರಿಯ ಮರುದಿನ ಸಿಸ್ಟರಮ್ಮ ಅವನನ್ನು ಮೋಟಾರಿನ ಮುಂದೆ ನಿಲ್ಲಿಸಿದಳು. ಹಂಪಮ್ಮನಿಗೆ ಮಾತಾಡಬೇಡ ಎಂದಿದ್ದಳು, ಅವಳು ಬಾಯಿಗೆ ಸೆರಗು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು. ಅಮೃತಪ್ಪ ಕೆಂಪು ಗುಂಡಿ ಒತ್ತಿದ. ಮೋಟಾರು ನಿಂತಿತು. ಮೂತ್ರ ಒಂದೆರಡು ಹನಿ ಜಾರಿತು, ಅವನು ಧೋತರವನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ನಿಂತ. ಯಾರೂ ಅದನ್ನು ನೋಡಿದ ಹಾಗೆ ತೋರಿಸಲಿಲ್ಲ, ಆ ಎರಡು ಹೆಂಗಸರ ಈ ಉಪಕಾರವನ್ನು ಅವನು ಆಮೇಲೆ ಎಷ್ಟೋ ಸಲ ನೆನೆದ. ಉಸಿರು ಬಿಟ್ಟ. ಒಂದು, ಎರಡು, ಸಿಸ್ಟರಮ್ಮ ಎಣಿಸುತ್ತಿದ್ದಳು, ಏಳು, ಎಂಟು. ಏನೂ ಬೀಳಲಿಲ್ಲ. ಹಿಂದಿನ ಗೋಡೆಯ ಮೇಲೆ ಪಾರಿವಾಳ ಗುಟುರು ಹಾಕುತ್ತಿತ್ತು. ನಲ್ಲಿಯೊಂದು ತೊಟ್ಟಿಕ್ಕುತ್ತಿತ್ತು. ಸದ್ದು ನಿಂತ ಮೇಲೆಯೂ ಇಷ್ಟೆಲ್ಲ ಉಳಿದಿರುತ್ತದೆ ಎಂದು ಅವನಿಗೆ ತಿಳಿದೇ ಇರಲಿಲ್ಲ. ಆಮೇಲೆ ಒಂದೊಂದು ದಿನ ಆಗುತ್ತಿತ್ತು, ಒಂದೊಂದು ದಿನ ಆಗುತ್ತಿರಲಿಲ್ಲ. ಆಗದ ದಿನ ಸಿಸ್ಟರಮ್ಮ, "ಇವತ್ತು ಕಾಲು ರಜಾ ಹಾಕ್ಯಾವ" ಎಂದು ತಾನೇ ಒತ್ತಿ ನಡೆಯಲು ಹೋಗುತ್ತಿದ್ದಳು.

ಆದರೆ ಕಾಲು ಗಟ್ಟಿಯಾದಂತೆ ಬೇರೊಂದು ಬಂತು. ಮೋಟಾರು ನಿಂತು ಉಸಿರು ಪೂರ್ತಿ ಹೊರಗೆ ಹೋದ ಮೇಲೆ, ಮುಂಚೆ ಅವನು ಎಂದೂ ತಲುಪಿರದ ಆ ಜಾಗದಲ್ಲಿ, ಒಂದು ಕೈ ಕಾಣುತ್ತಿತ್ತು. ಮಣ್ಣು ಮೆತ್ತಿದ ಎಡಗೈ, ಮುಚ್ಚಿದ ಬೆರಳು. ಅಂಜಿಕೆ ಇರಲಿಲ್ಲ. ಅಂಜಿಕೆಯಿದ್ದರೆ ಓಡಬಹುದಿತ್ತು. ಒಂದು ಮಧ್ಯಾಹ್ನ ಹಿಂಡಿಯ ಶೇಂಗಾ ಸುಲಿಯುತ್ತ ಅವನು ಸಿಸ್ಟರಮ್ಮನಿಗೆ ಹೇಳಿಯೇಬಿಟ್ಟ, ಬೊಳ್ಳೆಂದ ಗಳ, ರುಮಾಲು, ಬೆಣೆ, ಮಣ್ಣಿಗೆ ಎಸೆದದ್ದು, ಮೊಬೈಲಿನ ಸುಳ್ಳು ತಾನು ಸುಮ್ಮನೆ ನಿಂತು ಕೇಳಿದ್ದು. ಹೇಳುವಾಗ ಶೇಂಗಾ ಸುಲಿಯುವುದು ನಿಲ್ಲಿಸಲಿಲ್ಲ. ಅವಳು ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆಮಾಡಿದಳು. "ನೀವು ಪಾಪ ಮಾಡಿಲ್ಲ ಅಂತ ನಾ ಅನ್ನಂಗಿಲ್ಲ ಅಮೃತಪ್ಪಾ. ಅದು ನನ್ನ ಕೈಯಾಗಿಲ್ಲ. ಆದ್ರ ಈ ಮಾತು ತಪ್ಪು ಮನೀಗಿ ಬಂದದ. ಇದು ಹಂಪಮ್ಮನ್ನ ಮಾತು." "ಆಕಿ ಬಿಟ್ಟು ಹೋದ್ರ?" ಎಂದ ಅವನು. "ಹೋಗಬಹುದು" ಎಂದಳು ಸಿಸ್ಟರಮ್ಮ. ಅವಳು ಸುಳ್ಳು ಸಮಾಧಾನ ಹೇಳದಿದ್ದದ್ದಕ್ಕೇ ಅವನಿಗೆ ಅವಳ ಮೇಲೆ ಗೌರವ ಇನ್ನಷ್ಟು ಹೆಚ್ಚಿತು. ಆದರೂ ಇಳಿಯುವಾಗ ಕಟ್ಟಡದ ಮೆಟ್ಟಿಲು ಎಷ್ಟೊಂದು ಇವೆ ಎನ್ನಿಸಿತು.

ಹೇಳಿದ್ದು ಮರುದಿನ ಬೆಳಗ್ಗೆ, ಮೋಟಾರು ಬಂದ್ ಮಾಡಿದ ಮೇಲೆ, ಖೋಲಿಯಲ್ಲಿ. ಹಂಪಮ್ಮ ರೊಟ್ಟಿ ಬಡಿಯುತ್ತಿದ್ದಳು. ಅವನು ಹೇಳುತ್ತಿದ್ದಷ್ಟು ಹೊತ್ತೂ ಬಡಿದಳು. ಬೆಣೆಯ ಮಾತು ಬಂದಾಗ ಅವಳ ಕೈ ನಿಂತಿತು. ಎದ್ದು ರೇಡಿಯೋ ಬಂದ್ ಮಾಡಿದಳು, ಹನ್ನೊಂದು ವರ್ಷದಲ್ಲಿ ಮೊದಲ ಸಲ. ಹೆಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. "ನನ್ನ ತಮ್ಮ ಮೊಬೈಲ್ ನೋಡ್ತಿದ್ದ ಅಂತ ನಾನೇ ಮಂದಿಗೆ ಹೇಳೀನಿ. ನನ್ನ ಬಾಯಿಲೆ ಹೇಳೀನಿ" ಎಂದಳು, ಅಷ್ಟೇ ಹೇಳಿ ಕೆಲಸಕ್ಕೆ ಹೋದಳು. ಎರಡು ದಿನ ಅವಳು ಮಾತಾಡಲಿಲ್ಲ. ಊಟಕ್ಕೆ ಇಡುತ್ತಿದ್ದಳು, ತಟ್ಟೆ ತೊಳೆಯುತ್ತಿದ್ದಳು, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ರೇಡಿಯೋ ಹಚ್ಚಲಿಲ್ಲ. ಆ ಖೋಲಿಯಲ್ಲಿ ಅಂಥ ನಿಶ್ಶಬ್ದ ಎಂದೂ ಇರಲಿಲ್ಲ. ಅಮೃತಪ್ಪನ ಅಂಗಾಲು ತಣ್ಣಗಾಗುತ್ತಿದ್ದವು, ಅವನು ಹಳೆಯ ಉಸಿರನ್ನು ಬಿಡುತ್ತ ಹತ್ತರವರೆಗೆ ಎಣಿಸುತ್ತಿದ್ದ, ಮತ್ತೆ ಒಂದರಿಂದ. ಇದು ನನಗೆ ಬರಬೇಕಾದದ್ದೇ ಎಂದು ಅನ್ನಿಸುತ್ತಿತ್ತು, ಹಾಗೆ ಅನ್ನಿಸಿದಾಗ ಒಂದು ತರಹ ನೆಮ್ಮದಿಯೂ ಆಗುತ್ತಿತ್ತು. ಮೋಟಾರನ್ನು ಎರಡೂ ದಿನ ಅವನೇ ಹಚ್ಚಿದ, ಅವನೇ ಬಂದ್ ಮಾಡಿದ. ಸಿಸ್ಟರಮ್ಮ ದೂರದಿಂದ ನೋಡಿ ತನ್ನ ಸುತ್ತು ನಡೆದಳು, ಹತ್ತಿರ ಬರಲಿಲ್ಲ. ಎರಡನೆಯ ದಿನ ಸಂಜೆ ಸೂರ್ಯಕಾಂತ ಸ್ಕೂಟರ್ ನಿಲ್ಲಿಸುತ್ತ, "ಟಾಕಿ ಒಂದು ಹನಿ ಸುರದಿಲ್ಲಲ್ಲೋ ಈ ವಾರ. ಮೀಟಿಂಗಿನ್ಯಾಗ ಹೇಳ್ತೀನಿ ತಗೋ, ನೀ ಇಲ್ಲೇ ಇರು" ಎಂದ. ಹೇಳಿಕೊಳ್ಳಲು ಯಾರೂ ಇಲ್ಲದೆ ಆ ಮಾತನ್ನು ಅಮೃತಪ್ಪ ಒಬ್ಬನೇ ಖೋಲಿಗೆ ತಂದ.

ಮೂರನೆಯ ದಿನ ಅವನು ಮೋಟಾರು ಬಂದ್ ಮಾಡಿ ತಿರುಗಿದರೆ ಹಂಪಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಅತ್ತು ಅತ್ತು ಮುಖ ಊದಿತ್ತು. "ಸದ್ದು ಕೇಳಿ ಗುರುತ ಹಿಡಿಯೂದು ನೀವು ಅವಗ ಕಲಿಸಿದ್ರೇನು?" ಎಂದಳು. ಇಲ್ಲ ಎಂದ ಅವನು, ಯಾರಿಗೂ ಕಲಿಸಿರಲಿಲ್ಲ. "ಮತ್ತ ಆ ಗಳ ಸಡ್ಲ ಐತಿ ಅಂತ ಅವಗ ಹ್ಯಾಂಗ ಗೊತ್ತಾತು?" ಅವಳೇ ಹೇಳಿದಳು, "ತಾನೇ ಕಲ್ತಿದ್ದ. ನಿಮ್ಮ ಹಿಂದ ಹಿಂದ ತಿರಗಿ ಕಲ್ತಿದ್ದ ನನ್ನ ತಮ್ಮ. ಕೇಳಿದ, ನಿಂತ, ಬೆಣಿ ತಗೊಂಡ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಹನ್ನೊಂದು ವರ್ಷ ಅವನ್ನ ಬೈಕೊಂತ ಅತ್ತೀನಿ ನಾನು. ಮೊಬೈಲ್ ನೋಡಿ ಸತ್ತ ಹುಚ್ಚ ಅಂತ. ಬೈಲಾರದ ಅತ್ತಿದ್ದು ಈ ಎರಡು ದಿನನೇ." ಅಮೃತಪ್ಪ ಕೆಳಗಿನ ಮೆಟ್ಟಿಲಲ್ಲಿ ಕೂತ. ತಪ್ಪಾಯಿತು ಎನ್ನಲು ಬಾಯಿ ತೆರೆದ, ಅವಳು ಕೈ ಅಡ್ಡ ಮಾಡಿದಳು. "ಅದು ನೀವು ಅಂದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಸಿಟ್ಟು ಹೋಗಿಲ್ಲ ನಂದು, ಸಾಯೂತನಕ ಹೋಗಂಗಿಲ್ಲ. ಆದ್ರ ಹೇಳಿದ್ರೆಲ್ಲ. ಹೇಳಲಾರದ ಸತ್ತಿದ್ರ ನಾ ಏನು ಮಾಡಬೇಕಿತ್ತು?" ಸ್ವಲ್ಪ ಹೊತ್ತಾದ ಮೇಲೆ ಎದ್ದು ನಿಲ್ಲಲು ಕೈ ಚಾಚಿದಳು, ಮೊಣಕಾಲಿಗೆ ಆಸರೆ ಬೇಕಿತ್ತು. ಅವನು ಹಿಡಿದ. ಅವಳು ತನ್ನ ಪೂರ್ತಿ ಭಾರ ಹಾಕಿಯೇ ಎದ್ದಳು. ಅವನ ಕಾಲು ತಡೆದವು.

ಆ ತಿಂಗಳು ಊರಿಗೆ ಹೋದ ಒಬ್ಬೊಬ್ಬರ ಕೈಯಲ್ಲೂ ಹಂಪಮ್ಮ ಹೇಳಿ ಕಳಿಸಿದಳು, ಫೋನಿನಲ್ಲಿಯೂ ಕೂಗಿ ಕೂಗಿ ಹೇಳಿದಳು: ನನ್ನ ತಮ್ಮ ಬೆಣೆ ಹೊಡೆಯಲು ಹೋಗಿ ಸತ್ತ, ಮೊಬೈಲ್ ನೋಡಿ ಅಲ್ಲ, ನನ್ನ ಗಂಡನೇ ಕಂಡಿದ್ದಾನೆ, ಬೇಕಾದರೆ ಅವನನ್ನೇ ಕೇಳಿರಿ. ಹಾಗೆಂದು ಫೋನನ್ನು ಅಮೃತಪ್ಪನ ಕೈಗೆ ಕೊಡುತ್ತಿದ್ದಳು. ಅವನು ಹೌದು ಎನ್ನುತ್ತಿದ್ದ. ಪ್ರತಿಯೊಬ್ಬರಿಗೂ ಗಳದ ಮಾತು ಮೊದಲಿನಿಂದ ಹೇಳುತ್ತಿದ್ದ, ಆ ಕಡೆಯಿಂದ ಬೈಗಳ ಬಂದರೆ ಕೇಳಿಸಿಕೊಳ್ಳುತ್ತಿದ್ದ. ಬೈಗಳ ಮುಗಿದು ಆ ಕಡೆಯವರು ಸುಮ್ಮನಾದಾಗ ಫೋನು ಕಿವಿಯಲ್ಲೇ ಇಟ್ಟು ಉಸಿರು ಬಿಡುತ್ತಿದ್ದ.

ಯುಗಾದಿಯಾಗಿ ಎಂಟು ದಿನಕ್ಕೆ ಸ್ನೇಹಲತಾಬಾಯಿ ಮನೆ ಖಾಲಿ ಮಾಡಿದಳು. ಬೀದರಿನಲ್ಲಿದ್ದ ಅಕ್ಕನಿಗೆ ಕಣ್ಣು ಮಂದವಾಗಿತ್ತು, ಇನ್ನು ಅಲ್ಲೇ ಇರುವುದು ಎಂದು ಹೇಳಿದಳು. ಅವಳ ಟ್ರಂಕನ್ನು ಅಮೃತಪ್ಪ ಹೊತ್ತು ಇಳಿಸಿದ, ಬೇಡವೆಂದರೂ ಲಿಫ್ಟಿನಲ್ಲಿ ಇಡಲಿಲ್ಲ. ಏನಾದರೂ ಹೇಳಬೇಕೆಂದು ಮೂರು ದಿನದಿಂದ ಮಾತು ಹೊಂದಿಸಿದ್ದ, ಕಾರಿನ ಬಾಗಿಲ ಹತ್ತಿರ ಬಂದಾಗ ಎಲ್ಲ ಮರೆತು, "ಅಲ್ಲಿ ಚಹಾಕ್ಕ ಸ್ವಲ್ಪ ಸಕ್ಕರಿ ಹಾಕೊಳ್ರಿ ಸಿಸ್ಟರಮ್ಮ, ಅರ್ಧ ಚಮಚ" ಎಂದ. ಅವಳು ಬಿದ್ದು ಬಿದ್ದು ನಕ್ಕಳು. "ಇಷ್ಟು ದಿನ ಕಹೀನೇ ಕುಡದೀರಿ ಅಂದಂಗಾತು! ಬಾಯಿ ಬಿಟ್ಟು ಹೇಳಬಾರದಾ ಮನಷ್ಯಾರು?" ಹಂಪಮ್ಮ ಬಗ್ಗಿ ಅವಳ ಕಾಲು ಮುಟ್ಟಲು ಹೋದರೆ ಮೊಣಕಾಲು ಬಗ್ಗಲಿಲ್ಲ, ಇಬ್ಬರೂ ಹಾಗೇ ನಿಂತು ಅಪ್ಪಿಕೊಂಡರು. ಕಾರು ಮೆಟ್ರೋ ಕಂಬಗಳ ನಡುವೆ ತಿರುಗಿ ಮರೆಯಾಯಿತು.

ಖೋಲಿಗೆ ಬಂದು ಹಂಪಮ್ಮ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಅವನಿಗೂ ಅಷ್ಟಕ್ಕಷ್ಟೇ. "ಮಲ್ಲಣ್ಣನ ಹೆಸರಿಲೆ ವರ್ಷಕ್ಕೊಮ್ಮೆ ಹತ್ತು ಮಂದಿಗೆ ಉಣ್ಣಾಕ ನೀಡೂಣು. ಅವ ಹೋದದ್ದು ಸೋಮವಾರ" ಎಂದಳು. "ಹೌದು, ಸೋಮವಾರ" ಎಂದ ಅವನು, ಇಷ್ಟು ವರ್ಷಗಳಲ್ಲಿ ಆ ದಿನದ ಹೆಸರನ್ನು ಇಬ್ಬರೂ ಒಟ್ಟಿಗೆ ಬಾಯಲ್ಲಿ ತಂದದ್ದು ಅದೇ ಮೊದಲು. ಅವಳು ಬೆರಳಿನಿಂದ ಸಾಲುಗಳನ್ನು ಮುಟ್ಟುತ್ತ ಇವತ್ತಿನ ತಾರೀಖಿನ ಮನೆಗೆ ಬಂದು ನಿಂತಳು. "ಇದೂ ನೆನಪಿಡ್ರಿ" ಎಂದಳು. "ಸಿಸ್ಟರಮ್ಮ ಹೋದದ್ದು ಗುರುವಾರ."